ಮಾಲೀಕರ ನಡತೆಯ ತಪಾಸಣೆ

ಹೆನ್ರಿ ಫೋರ್ಡ್ 1914ರಲ್ಲಿ ಘೋಷಿಸಿದ 5 ಡಾಲರ್ ದಿನಗೂಲಿಯಲ್ಲಿ ಸುಮಾರು ಅರ್ಧಭಾಗ ಲಾಭಾಂಶವಾಗಿದ್ದು, ಕುಡಿತ, ಉಳಿತಾಯ, ನೈರ್ಮಲ್ಯಗಳನ್ನು ಮನೆಮನೆಗೆ ಹೋಗಿ ವಿಚಾರಿಸುವ ಕಂಪನಿಯ ‘ಸಮಾಜಶಾಸ್ತ್ರ ವಿಭಾಗ’ ಒಪ್ಪಿದವರಿಗಷ್ಟೇ ಅದು ಸಲ್ಲುತ್ತಿತ್ತೆಂದು ವಿಮರ್ಶಕರೊಬ್ಬರು ನೆನಪಿಸಿದಾಗ, ಅಭಿಮಾನಿಯೊಬ್ಬರು ಮುಖ ಸಿಂಡರಿಸಿದರು.

“ಜನಸಾಮಾನ್ಯರಿಗೆ ಕಾರು ಕೊಟ್ಟ ಮಹನೀಯರ ಖಾಸಗಿ ಗುಣಗಳನ್ನು ಕೆದಕುವುದು ಸಭ್ಯತೆಯಲ್ಲ.”

“ಕಾರ್ಮಿಕನ ಅಡುಗೆಮನೆಯನ್ನು ಕೆದಕಿದ್ದು?”

“ಅದು ಸುಧಾರಣೆ.”

“ಅವರದೇ ಪತ್ರಿಕೆ 1920ರಿಂದ ಯಹೂದಿಗಳ ಮೇಲೆ ವಿಷ ಕಾರಿದ್ದು?”

“ಅದು ಅಭಿಪ್ರಾಯ, 1927ರಲ್ಲಿ ಕ್ಷಮೆಯನ್ನೂ ಕೇಳಿದರಲ್ಲ!”

“1938ರಲ್ಲಿ ಹಿಟ್ಲರನ ಸರ್ಕಾರದ ಪದಕಕ್ಕೆ ಎದೆಯೊಡ್ಡಿದ್ದು?”

“ಅದು ಸೌಜನ್ಯ,” ಎಂದ ಅಭಿಮಾನಿಗಳಿಗೆ (ಪರ್ಯಾಯ ಪದಗಳ ಬರ ಅವರನ್ನೆಂದೂ ಕಾಡಿದ್ದಿಲ್ಲ) ವಿಮರ್ಶಕರು ಲೆಕ್ಕ ಒಪ್ಪಿಸಿದರು: ಅದೇ ತಪಾಸಣೆ ಮಾಲೀಕರ ಮನೆಗೂ ಬಂದಿದ್ದರೆ, ಕಾರಿನ ಕೀರ್ತಿ ಪೂರ್ತಿ ಉಳಿದು, ಕೂಲಿ ಮಾತ್ರ ಅರ್ಧವಾಗುತ್ತಿತ್ತು.