ಮೂಟೆಗೆ ವೀಸಾ ಬೇಡ

ಕಳಸದ ಕಡೆಯ ಹುಡುಗನೊಬ್ಬ ಒಂದು ವರ್ಷ ಓದಲು ಇಟಲಿಗೆ ಹೊರಟರೆ ಊರಿನವರು ‘ಯಾವ ಸಬ್ಜೆಕ್ಟು?’ ಎಂದು ಕೇಳುವುದಿಲ್ಲ. ‘ಕೊಯ್ಲಿನ ಹೊತ್ತಿಗೆ ಬರ್ತೀಯಲ್ಲ?’ ಎನ್ನುತ್ತಾರೆ. ಬರುವುದಿಲ್ಲ ಎಂದೆ. ಎರಾಸ್ಮಸ್ ಅಂತ ಒಂದು ಯೋಜನೆ, ಯುರೋಪಿನವರು 1987ರಲ್ಲಿ ತಮ್ಮ ಮಕ್ಕಳಿಗೋಸ್ಕರ ಶುರುಮಾಡಿದ್ದು, ಈಗ ನಮ್ಮಂಥವರಿಗೂ ಬಾಗಿಲು ತೆಗೆದಿದ್ದಾರೆ, ಇಲ್ಲಿಂದ ಒಬ್ಬ ಅಲ್ಲಿಗೆ ಹೋದರೆ ಅಲ್ಲಿಂದ ಒಬ್ಬ ಇಲ್ಲಿಗೆ ಬರಬಹುದು ಎಂದೆಲ್ಲ ಬಿಡಿಸಿ ಹೇಳಿದೆ. ಅಜ್ಜ ಕೊನೆಯ ಮಾತನ್ನಷ್ಟೇ ಹಿಡಿದುಕೊಂಡರು. “ಅಲ್ಲಿಂದ ಬರೋನಿಗೆ ಕಾಫಿ ಕೊಯ್ಯಕ್ಕೆ ಬರ್ತದಾ?” ಆಳು ಸಿಗದೆ ಅಸ್ಸಾಮಿನವರ ದಾರಿ ಕಾಯುವ ಬೆಳೆಗಾರ ಬೇರೇನು ಕೇಳಿಯಾನು?

ನಾನು ಹೋದದ್ದು ಟ್ರಿಯೆಸ್ಟೆಗೆ. ಆಡ್ರಿಯಾಟಿಕ್ ಸಮುದ್ರದ ತುದಿಯಲ್ಲಿ, ಸ್ಲೊವೇನಿಯಾದ ಗಡಿಗೆ ಒರಗಿಕೊಂಡಿರುವ ಬಂದರು. ಆಸ್ಟ್ರಿಯಾವನ್ನು ಆಳುತ್ತಿದ್ದ ಚಕ್ರವರ್ತಿ ಆರನೇ ಚಾರ್ಲ್ಸ್ 1719ರಲ್ಲಿ ಇದನ್ನು ಸುಂಕವಿಲ್ಲದ ಬಂದರೆಂದು ಸಾರಿದ ಮೇಲೆ ಇಲ್ಲಿ ಕಾಫಿ ಮೂಟೆಗಳು ಇಳಿಯತೊಡಗಿದವು, ಇಂದಿಗೂ ಇಳಿಯುತ್ತಿವೆ. ಭಾರತದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವವರು ಇಟಲಿಯವರು. ಆ ಕಾಫಿಯ ಬಹುಪಾಲು ಕರ್ನಾಟಕದ್ದು. ಎಸ್ಪ್ರೆಸೊ ಮೇಲೆ ನಿಲ್ಲುವ ಕಂದು ನೊರೆಗೆ ನಮ್ಮ ರೊಬಸ್ಟಾ ಬಿದ್ದರೇ ಚೆಂದ ಎನ್ನುವ ಹುರಿಯುವವರು ಅಲ್ಲಿ ಬೇಕಾದಷ್ಟಿದ್ದಾರೆ. ಹಾಗಾಗಿ ನಮ್ಮ ಕಣದಲ್ಲಿ ಒಣಗಿದ್ದು ಮಂಗಳೂರಿನಲ್ಲಿ ಹಡಗು ಹತ್ತಿ, ಸೂಯೆಜ್ ದಾಟಿ ಎಷ್ಟೋ ವರ್ಷಗಳಿಂದ ಹೋಗುತ್ತಿದ್ದಿರಬಹುದಾದ ಕಡೆಗೆ ಮನೆಯ ಮನುಷ್ಯರ ಪೈಕಿ ಮೊದಲು ಹೋದವನು ನಾನು. ಮೂಟೆಗೆ ವೀಸಾ ಬೇಡ, ನನಗೆ ಬೇಕಾಯಿತು.

ವೀಸಾ ಸಾಲದೆ, ಇಳಿದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೂ ಅರ್ಜಿ ಹಾಕಬೇಕು. ಅರ್ಜಿ ಸಿಗುವುದು ಅಂಚೆ ಕಚೇರಿಯಲ್ಲಿ. ಅದಕ್ಕೆ ಅಂಟಿಸುವ 16 ಯೂರೊ ಸ್ಟಾಂಪು ಸಿಗುವುದು ಬೀಡಿ-ಸಿಗರೇಟಿನ ಅಂಗಡಿಯಲ್ಲಿ. ಬಸ್ಸಿನ ಟಿಕೆಟ್ಟೂ ಅಲ್ಲೇ. ಕಳಸದ ಬಸ್‌ಸ್ಟ್ಯಾಂಡಿನ ಗೂಡಂಗಡಿ ನೋಡಿದವನಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಬೆರಳಚ್ಚು ಕೊಟ್ಟು, ರಸೀದಿ ಜೇಬಲ್ಲಿಟ್ಟುಕೊಂಡು ವರ್ಷವಿಡೀ ಓಡಾಡಿದೆ. ಕಾರ್ಡು ಕೈಗೆ ಬಂದಾಗ ನಾನು ಸೂಟ್‌ಕೇಸು ತೂಕ ಮಾಡುತ್ತಿದ್ದೆ. ಪಹಣಿಗಾಗಿ ಅಲೆದ ಅನುಭವವಿದ್ದ ಅಪ್ಪಯ್ಯ ಮಾತ್ರ, “ಒಂದೇ ವರ್ಷಕ್ಕೆ ಬಂತಾ!” ಎಂದು ಇಟಲಿಯ ಆಡಳಿತವನ್ನು ಮನಸಾರೆ ಹೊಗಳಿದರು.

ಮನೆಯಿಂದ ಬರುವ ಫೋನು ಮಳೆಯಿಂದಲೇ ಶುರುವಾಗಬೇಕು. ನಿನ್ನೆ ಎರಡು ಇಂಚು ಮೂವತ್ತು ಸೆಂಟ್ಸ್, ಇವತ್ತು ಬರೀ ನಲವತ್ತು ಸೆಂಟ್ಸ್, ಬಾಳೆಹೊಳೆ ಕಡೆ ಜಾಸ್ತಿಯಂತೆ. ಆಮೇಲೆ, “ನಿಮ್ಮಲ್ಲಿ ಎಷ್ಟಾಯ್ತು?” ಟ್ರಿಯೆಸ್ಟೆಯಲ್ಲಿ ಯಾರ ಮನೆಯಂಗಳದಲ್ಲೂ ಮಳೆಮಾಪಕ ಇಲ್ಲ ಎಂದರೆ ಅಜ್ಜ ನಂಬಲಿಲ್ಲ. ಮಾರ್ಚ್‌ನಲ್ಲಂತೂ ಹೂಮಳೆ ಬಂದಿಲ್ಲವೆಂಬ ಸಂಕಟಕ್ಕೆ ನನ್ನ ಸೆಮಿಸ್ಟರು, ಜ್ವರ, ಖರ್ಚು ಎಲ್ಲ ಕೊಚ್ಚಿಹೋದವು. ಎರಡು ವಾರ ಯಾರೂ ನನ್ನ ಊಟ ವಿಚಾರಿಸಲಿಲ್ಲ.

ನಮಗೆ ಮಳೆ ಇದ್ದಂತೆ ಅವರಿಗೆ ಗಾಳಿ. ಬೋರಾ ಎಂದು ಹೆಸರು. ಚಳಿಗಾಲದಲ್ಲಿ ಒಳನಾಡಿನ ಬೆಟ್ಟಗಳಿಂದ ಸಮುದ್ರಕ್ಕೆ ನುಗ್ಗುತ್ತದೆ, ರಭಸ ಗಂಟೆಗೆ 150 ಕಿಲೋಮೀಟರ್ ದಾಟುವುದೂ ಉಂಟು. ಹಿಂದೆ ಜನ ಹಿಡಿದುಕೊಂಡು ನಡೆಯಲೆಂದು ಬೀದಿಬದಿಗೆ ಹಗ್ಗ ಕಟ್ಟುತ್ತಿದ್ದರು. ಮಾರನೇ ದಿನ ಕಸದ ತೊಟ್ಟಿಯ ತುಂಬ ಮುರಿದ ಕೊಡೆಗಳು. ನಾನು ಲೈಟ್ ಕಂಬ ತಬ್ಬಿಕೊಂಡು ನಿಂತದ್ದನ್ನು ಸ್ವಲ್ಪ ಮಸಾಲೆ ಹಾಕಿಯೇ ವರ್ಣಿಸಿದೆ. ಅಮ್ಮ ಕೇಳಿಸಿಕೊಂಡು, “ಕರೆಂಟ್ ಹೋಯ್ತಾ?” ಅಂದರು.

“ಇಲ್ಲ.”

“ಮತ್ತೆ ಅದೆಂತ ಗಾಳಿ ಮಾರಾಯ!”

ಇನ್ನು ಕಾಫಿ. ಹುಟ್ಟಿದ್ದೇ ಕಾಫಿ ತೋಟದಲ್ಲಿ, ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬದಿಂದ ಅಲ್ಲಿನ ಕಾಫಿ ಅಂಗಡಿಯ ಒಳಹೊಕ್ಕರೆ ಎಲ್ಲರೂ ಕೌಂಟರಿಗೆ ಮೊಣಕೈ ಊರಿ ನಿಂತು, ಎರಡು ಗುಟುಕಿಗೆ ಮುಗಿಸಿ, ಚಿಲ್ಲರೆ ಇಟ್ಟು ನಡೆಯುತ್ತಾರೆ. ಪೇಪರ್ ಓದುವುದಿಲ್ಲ, ರಾಜಕೀಯ ಮಾತಾಡುವುದಿಲ್ಲ, ಇನ್ನೊಬ್ಬ ಬರಲಿ ಎಂದು ಕಾಯುವುದಿಲ್ಲ. ಟ್ರಿಯೆಸ್ಟೆಯವರು ‘ಕಾಪೊ ಇನ್ ಬಿ’ ಅನ್ನುತ್ತಾರೆ. ಪುಟ್ಟ ಗಾಜಿನ ಲೋಟದಲ್ಲಿ ಚೂರು ಹಾಲು ಹಾಕಿದ ಕಾಫಿ ಬರುತ್ತದೆ. ಇಟಲಿಯ ಬೇರೆ ಊರಿನಲ್ಲಿ ಹಾಗೆ ಕೇಳಿದರೆ ಮುಖ ನೋಡುತ್ತಾರೆ. ಜೊತೆಗಿದ್ದ ಬೆಂಗಳೂರಿನ ಹುಡುಗ ಮೊದಲ ದಿನವೇ ಉಳಿತಾಯಕ್ಕಿಳಿದು ‘ಬೈಟೂ ಮಾಡೋಣ’ ಎಂದ. ಇರುವುದೇ 25 ಮಿಲಿಲೀಟರು. ಇಬ್ಬರು ಹಂಚಿಕೊಂಡರೆ ಅದು ತೀರ್ಥ.

ಒಂದು ಎಸ್ಪ್ರೆಸೊಗೆ 7 ಗ್ರಾಂ ಪುಡಿ. ಏಳು ಎಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ಬಾಬಾಬುಡನ್ ನೆನಪಾಗಲೇಬೇಕು. ಹದಿನೇಳನೇ ಶತಮಾನದಲ್ಲಿ ಹಜ್ ಯಾತ್ರೆಗೆ ಹೋದವರು ಯೆಮೆನ್‌ನ ಮೋಕಾದಿಂದ ಏಳು ಬೀಜಗಳನ್ನು ಕದ್ದುಮುಚ್ಚಿ ತಂದು ಚಂದ್ರದ್ರೋಣದ ಮೇಲೆ ಬಿತ್ತಿದರು ಎಂಬುದು ನಾವು ಕೇಳಿಕೊಂಡು ಬೆಳೆದ ಕಥೆ. ವಿದೇಶಕ್ಕೆ ಹೋಗಿಬಂದವರ ಪೈಕಿ ಈ ಗಿರಿಸಾಲಿಗೆ ಇಷ್ಟು ಲಾಭ ಮಾಡಿಕೊಟ್ಟವರು ಇನ್ನೊಬ್ಬರಿಲ್ಲ. ಹೋದದ್ದೇತಕ್ಕೆ, ತಂದದ್ದೇನು ಎಂದು ಅವರನ್ನು ಯಾರೂ ತರಾಟೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ. 7 ಗ್ರಾಮಿಗೆ ಐವತ್ತರ ಆಸುಪಾಸು ಬೀಜ ಬೇಕು. ಬಾಬಾ ತಂದ ಏಳರಲ್ಲಿ ಒಂದು ಕಪ್ಪೂ ಆಗುತ್ತಿರಲಿಲ್ಲ. ಅದಕ್ಕೇ ಕುಡಿಯದೆ ನೆಟ್ಟರೋ ಏನೋ.

ಈ 7 ಗ್ರಾಮಿನ ವಿಷಯವನ್ನು ಅಜ್ಜನಿಗೆ ಹೇಳಬಾರದಿತ್ತು. ಅವರು ತೋಟದ ಲೆಕ್ಕ ಬರೆಯುವ ರೈಟರನ್ನು ಕರೆಸಿ ಕ್ಯಾಲ್ಕುಲೇಟರ್ ಹಿಡಿದು ಕೂತರು. ಕಿಲೋ ಪುಡಿಗೆ 140 ಕಪ್ಪು, ಕಪ್ಪಿಗೆ ಒಂದೂಕಾಲು ಯೂರೊ, ಒಟ್ಟು 175 ಯೂರೊ, ಅಂದರೆ ನಮ್ಮ ಆಗಿನ ಲೆಕ್ಕದಲ್ಲಿ ಸುಮಾರು 16 ಸಾವಿರ ರೂಪಾಯಿ. ಫೋನಿನ ಆ ತುದಿಯಲ್ಲಿ ಸದ್ದಿಲ್ಲ. ಕಾಂಡಕೊರಕ, ಕೊಳೆರೋಗ, ಆನೆ, ಬ್ಯಾಂಕಿನ ನೋಟಿಸು ಎಲ್ಲವನ್ನೂ ಕಂಡ ಮನುಷ್ಯ. ಕೊನೆಗೊಮ್ಮೆ ಕೇಳಿದರು: “ಸಕ್ಕರೆ ಅದರಲ್ಲೇ ಸೇರಿತಾ?” ಸಕ್ಕರೆ ಪುಕ್ಕಟೆ ಎಂದೆ. “ಹಾಗಾದ್ರೆ ಓದಿದ್ದು ಸಾಕು, ಅಲ್ಲೇ ಒಂದು ಹೋಟ್ಲು ಹಾಕು.”

ಓದೂ ನಡೆಯಿತು. ಅಲ್ಲಿ ತರಗತಿ ಹೇಳಿದ ಹೊತ್ತಿಗಿಂತ ಕಾಲು ಗಂಟೆ ತಡವಾಗಿ ಆರಂಭವಾಗುವುದು ಸಂಪ್ರದಾಯ. ಆ ಮಟ್ಟಿಗೆ ನನಗೆ ಮೊದಲೇ ತರಬೇತಿ ಇತ್ತು. ಕಂಗೆಡಿಸಿದ್ದು ಪರೀಕ್ಷೆ. ಹೆಚ್ಚಿನವು ಬಾಯಿಮಾತಿನವು, ಅದೂ ಉಳಿದ ವಿದ್ಯಾರ್ಥಿಗಳೆಲ್ಲ ಹಿಂದೆ ಕೂತು ಕೇಳುತ್ತಿರುವಾಗ. 30ಕ್ಕೆ ಅಂಕ, 18 ಬಂದರೆ ಪಾಸು. ಪ್ರಶ್ನೆ ಮುಗಿಸಿದ ಪ್ರೊಫೆಸರು ಒಂದು ಅಂಕ ಹೇಳಿ ‘ಒಪ್ಪಿಗೆಯೇ?’ ಎಂದು ಕೇಳುತ್ತಾರೆ. ಒಪ್ಪದಿದ್ದರೆ ಬಿಟ್ಟು ಹೋಗಿ ಮುಂದಿನ ಸಲ ಬರಬಹುದು! ನನಗಿಂತ ಮುಂಚಿನ ಹುಡುಗಿ 27ನ್ನು ಬೇಡವೆಂದು ಸ್ಕಾರ್ಫ್ ಸುತ್ತಿಕೊಂಡು ಹೊರಟಳು. ಮೂವತ್ತೈದಕ್ಕೆ ಎರಡು ಕಮ್ಮಿಯಾದೀತೆಂದು ಹೊರನಾಡಿನ ಅನ್ನಪೂರ್ಣೇಶ್ವರಿಗೆ ಹರಕೆ ಹೊರುತ್ತಿದ್ದ ಸೀಮೆಯಿಂದ ಹೋದವನಿಗೆ ಇದು ಧರ್ಮದ್ರೋಹದ ಹಾಗೆ ಕಂಡಿತು. ನನ್ನ ಸರದಿಯಲ್ಲಿ ಅವರು “26...” ಎನ್ನುತ್ತಿದ್ದಂತೆಯೇ ಒಪ್ಪಿಗೆ ಎಂದುಬಿಟ್ಟೆ.

ಮನೆಗೆ ತಿಳಿಸಿದಾಗ ಅಜ್ಜನಿಗೆ 30ರ ಲೆಕ್ಕ ಬೇಕಾಗಲಿಲ್ಲ. 50 ಕಿಲೋ ರೊಬಸ್ಟಾ ಚೆರಿಯ ಮೂಟೆಯನ್ನು ಸಿಪ್ಪೆ ಸುಲಿದರೆ ದಕ್ಕುವ ಬೀಜ ಎಷ್ಟು ಕಿಲೋ ಎಂಬುದರ ಮೇಲೆ ಅವರ ಬದುಕು ನಡೆದಿದೆ. “ಇಪ್ಪತ್ತಾರಾ? ಒಳ್ಳೆ ಔಟ್‌ಟರ್ನೇ ಬಿಡು,” ಎಂದರು.

ಮರುವರ್ಷ ಟ್ರಿಯೆಸ್ಟೆಯ ಗೆಳೆಯನೊಬ್ಬ ನಮ್ಮಲ್ಲಿಗೆ ಬಂದ, ಅದೂ ಜುಲೈಯಲ್ಲಿ. ಇಂಬಳ ಕಚ್ಚಿಸಿಕೊಂಡು, ಸಾಕ್ಸಿಗೆ ಸುಣ್ಣ ಬಳಿದುಕೊಂಡು ಜಗಲಿಯಲ್ಲಿ ಕೂತಿದ್ದವನಿಗೆ ಅಮ್ಮ ದೊಡ್ಡ ಲೋಟದಲ್ಲಿ ಬೆಲ್ಲದ ಕಾಫಿ ಕೊಟ್ಟರು. ಅವನು ಮೂಸಿದ, ನಾಲಗೆ ಮೇಲೆ ಹೊರಳಿಸಿದ, ಕಣ್ಣು ಮುಚ್ಚಿದ. ಇದು ಯಾವ ಗ್ರೇಡಿನ ಬೀಜವೆಂದು ಅಜ್ಜನನ್ನು ಕೇಳು ಎಂದ. ಕೇಳಿದೆ.

“ಗ್ರೇಡಿಂದೆಲ್ಲ ಅವರೂರಿಗೇ ಹೋಗಿದೆ. ಇದು ನೆಲಕ್ಕೆ ಉದುರಿದ್ದು, ಹೆಕ್ಕಿ ಒಣಗಿಸಿದ್ದು ಅಂತ ಹೇಳು.”

ಹೇಳಿದೆ. ಅವನು ಖಾಲಿ ಲೋಟವನ್ನು ಅಮ್ಮನ ಕಡೆ ಮತ್ತೆ ಚಾಚಿದ. ಅಜ್ಜ ನನ್ನತ್ತ ಬಾಗಿ ಮೆಲ್ಲಗೆ, “ಈ ಲೋಟದಲ್ಲಿ ಅವರ ಕಪ್ಪು ಎಷ್ಟು ಹಿಡಿದೀತು?” ಎಂದು ಕೇಳಿ, ರೈಟರಿಗೆ ಕ್ಯಾಲ್ಕುಲೇಟರ್ ತರಲು ಸನ್ನೆ ಮಾಡಿದರು.