ಯಾರ ಮಗ? ಯಾವೂರು?

ಐದು ವರ್ಷದ ಕಾನೂನು ಓದಿಗೆ 20 ವಾರ, ಮೂರು ವರ್ಷದ್ದಕ್ಕೆ 12 ವಾರ ಇಂಟರ್ನ್‌ಶಿಪ್ ಆಗಲೇಬೇಕು ಅಂತ ಬಾರ್ ಕೌನ್ಸಿಲ್ 2008ರ ನಿಯಮದಲ್ಲಿ ಬರೆದಿಟ್ಟಿದೆ. ಅದನ್ನು ಕೊಡಲೇಬೇಕಾದವರು ಯಾರು ಅಂತ ಬರೆಯುವಷ್ಟರಲ್ಲಿ ಇಂಕು ಮುಗಿದಿತ್ತೋ ಏನೋ! ನಮ್ಮ ಬಳ್ಳಾರಿ ಹುಡುಗರು ಬೆಂಗಳೂರಿನ ದೊಡ್ಡ ಫರ್ಮುಗಳಿಗೆ ಬಯೋಡೇಟಾ ಕಳಿಸುತ್ತಾರೆ: 'ಕಂಪನಿಗಳ ವಿಲೀನದಲ್ಲಿ ತೀವ್ರ ಆಸಕ್ತಿ.' ಕುರುಗೋಡಿನವನು ಕಂಡ ವಿಲೀನವೆಂದರೆ ದಾಯಾದಿಯ ಹೊಲದ ಬದು ರಾತ್ರೋರಾತ್ರಿ ಸರಿದದ್ದು. ಸಿರುಗುಪ್ಪದವನಿಗೆ, ಭತ್ತದ ವ್ಯಾಪಾರಿಯ ಚೆಕ್ ಬೌನ್ಸಾದ ಪುಣ್ಯಕ್ಕೆ, 138ನೇ ಕಲಂ ಅಪ್ಪನ ಬಾಯಲ್ಲೇ ಪಾಠವಾಗಿದೆ. ಫರ್ಮಿನಿಂದ ಉತ್ತರವಿಲ್ಲ.

ಕೊನೆಗೆ ಊರಿನ ಹಿರಿಯ ವಕೀಲರ ಮುಂದೆ ನಿಂತರೆ ಸಂದರ್ಶನ ಎರಡೇ ಪ್ರಶ್ನೆ: "ಯಾರ ಮಗನಪಾ? ಯಾವೂರು?" ಬಯೋಡೇಟಾ ಮಡಚಿ ಬೀಸಣಿಗೆ ಮಾಡಿಕೊಂಡರು. ಬಳ್ಳಾರಿ ಬಿಸಿಲಲ್ಲವೇ!

"ನಾಳೆ ಹತ್ತಕ್ಕ ಬಾ. ಫೈಲು ಭಾಳ ಅದಾವು, ಹೊರಾಕ ಒಬ್ಬ ಬೇಕಾಗಿದ್ದ."