ದಂಪತಿ-ಹವ್ಯಾಸ-ಭೇದ-ನಿರ್ಣಯ

ಮೀಮಾಂಸಕರು ಯಾವ ವಿಚಾರ ಎತ್ತಿಕೊಂಡರೂ ಅದನ್ನು ಐದು ಅಂಗಗಳಾಗಿ ಬಿಡಿಸಿ ಇಡುತ್ತಿದ್ದರು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಯಜ್ಞದ ತುಪ್ಪದ ಲೆಕ್ಕಕ್ಕೇ ಇಷ್ಟು ಸಿದ್ಧತೆ ಬೇಕಾಗಿದ್ದರೆ, ಗಂಡನಿಗೆ ಯಾತರ ಹುಚ್ಚು, ಹೆಂಡತಿಗೆ ಯಾತರ ಹುಚ್ಚು ಎಂಬ ಪ್ರಶ್ನೆಗೆ ಇನ್ನೆಷ್ಟು ಬೇಡ! ಆದ್ದರಿಂದ ನಾನೂ ಅದೇ ದಾರಿ ಹಿಡಿದಿದ್ದೇನೆ. ನಡುವೆ ಎಲ್ಲಾದರೂ ಕ್ರಮ ತಪ್ಪಿದರೆ ತಪ್ಪು ಮೀಮಾಂಸೆಯ ಸೂತ್ರಕಾರ ಜೈಮಿನಿಯದಲ್ಲ, ನಮ್ಮ ಮನೆಯದು.

ವಿಷಯ

ವಿಚಾರಕ್ಕೆ ತೆಗೆದುಕೊಂಡ ಸೀಮೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. 2007ರಲ್ಲಿ ಈ ನಾಲ್ಕು ತಾಲ್ಲೂಕನ್ನು ಬೆಂಗಳೂರು ಗ್ರಾಮಾಂತರದಿಂದ ಬಿಡಿಸಿ ರಾಮನಗರ ಜಿಲ್ಲೆ ಎಂದರು. 2025ರಲ್ಲಿ ಬೆಂಗಳೂರು ದಕ್ಷಿಣ ಎಂದರು. ರಾಮನಗರವೂ ಹುಟ್ಟಿನಿಂದ ರಾಮನಗರವಲ್ಲ. ಮುಂಚೆ ಕ್ಲೋಸ್‌ಪೇಟೆ, ಅದಕ್ಕೂ ಮುಂಚೆ ಟಿಪ್ಪುವಿನ ಕಾಲಕ್ಕೆ ಶಂಸೇರಾಬಾದ್. ಒಂದೇ ಪದಾರ್ಥ ಹಲವು ಹೆಸರಿನಲ್ಲಿ ಓಡಾಡಬಲ್ಲದು ಎಂಬುದನ್ನು ಓದುಗರು ಇಲ್ಲೇ ಸೆರಗಿಗೋ ಪಂಚೆಗೋ ಗಂಟು ಹಾಕಿಕೊಳ್ಳಬೇಕು. ಸಿದ್ಧಾಂತದ ಹೊತ್ತಿಗೆ ಬಿಚ್ಚಬೇಕಾಗುತ್ತದೆ.

ಊರ ಪಕ್ಕದ ಬೆಟ್ಟವೇ ಮೊದಲ ಸಾಕ್ಷಿ. 1975ರ ಆಗಸ್ಟ್ 15ರಂದು ತೆರೆ ಕಂಡ ‘ಶೋಲೆ’ಯ ರಾಮ್‌ಗಢವನ್ನು ಕಟ್ಟಿದ್ದು ಈ ಬಂಡೆಗಳ ನಡುವೆ. ಅಂದಿನಿಂದ ಗಂಡಸರಿಗೆ ಅದು ಶೋಲೆ ಬೆಟ್ಟ. ನೆಂಟರು ಬಂದರೆ ಕರೆದುಕೊಂಡು ಹೋಗಿ ಗಬ್ಬರ್ ಸಿಂಗ್ ನಿಂತ ಬಂಡೆ ತೋರಿಸುತ್ತಾರೆ. ಇಬ್ಬರು ಗಂಡಸರು ಒಂದೇ ಬಂಡೆಯನ್ನು ತೋರಿಸಿದ್ದನ್ನು ನಾನಂತೂ ಕಂಡಿಲ್ಲ. ಹೆಂಗಸರಿಗೆ ಅದು ಎಂದಿನಂತೆ ರಾಮದೇವರ ಬೆಟ್ಟ. ಹತ್ತುತ್ತಾರೆ, ಕೈಮುಗಿಯುತ್ತಾರೆ, ಇಳಿಯುತ್ತಾರೆ, ಗಬ್ಬರನ ಗೊಡವೆಗೆ ಹೋಗುವುದಿಲ್ಲ. ಸರ್ಕಾರ ಮೂರನೆಯದಾಗಿ ಬಂದು 2012ರಲ್ಲಿ ಅದೇ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಿತು. ಇಲ್ಲಿರುವ ಉದ್ದ ಕೊಕ್ಕಿನ ರಣಹದ್ದಿನ ಜೋಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಕಾವು ಕೂರುವುದು, ಮರಿಗೆ ಉಣಿಸುವುದು ಗಂಡು ಹೆಣ್ಣು ಇಬ್ಬರೂ ಸರದಿಯ ಮೇಲೆ. ನೋಡುವುದಕ್ಕೂ ಎರಡೂ ಒಂದೇ ಥರ. ಹವ್ಯಾಸಭೇದವಿಲ್ಲದ ದಾಂಪತ್ಯ ನನಗೆ ಈ ಜಿಲ್ಲೆಯಲ್ಲಿ ಸಿಕ್ಕಿದ್ದು ಇದೊಂದೇ. ಆ ಸಂತತಿಯೂ ಅಳಿವಿನ ಅಂಚಿನಲ್ಲಿದೆ.

ಸಂಶಯ

ಹವ್ಯಾಸ ಎಂದರೆ ಯಾವುದು? ‘ಯಾವುದರಿಂದ ಮನೆಗೆ ಕಾಸು ಬಾರದೋ, ಮನೆಯಿಂದ ಕಾಸು ಹೋಗುವುದೋ, ಆದರೂ ಯಾವುದನ್ನು ಬಿಡಲಾಗದೋ ಅದು ಹವ್ಯಾಸ’ ಎಂಬ ಲಕ್ಷಣವನ್ನು ನಾನೇ ಕಟ್ಟಿದ್ದೇನೆ. ಇದನ್ನು ಹಿಡಿದು ನಾಲ್ಕು ತಾಲ್ಲೂಕು ಜರಡಿ ಆಡಿದರೆ ಗಂಡಂದಿರೆಲ್ಲ ಮೇಲೆ ಉಳಿಯುತ್ತಾರೆ, ಹೆಂಡತಿಯರೆಲ್ಲ ಕೆಳಕ್ಕೆ ಉದುರಿಹೋಗುತ್ತಾರೆ. ಹಾಗಾದರೆ ಹೆಂಡತಿಯರಿಗೆ ಹವ್ಯಾಸವೇ ಇಲ್ಲವೋ, ಅಥವಾ ಜರಡಿ ತೂತೋ? ಸಂಶಯ ಇಷ್ಟೇ.

ಪೂರ್ವಪಕ್ಷ

ಇಲ್ಲವೇ ಇಲ್ಲ ಎಂಬುದು ಅರಳಿಕಟ್ಟೆಯ ಪಕ್ಷ. “ಹೆಂಗಸ್ರಿಗೆಲ್ಲಿ ಸಾ ಹವ್ಯಾಸ? ಅವ್ರಿಗೆ ಪುರುಸೊತ್ತೆಲ್ಲೈತೆ?” ಎಂದು ಇಸ್ಪೀಟು ಕಲೆಸುತ್ತಲೇ ಮಂಡಿಸಲಾದ ಈ ವಾದಕ್ಕೆ ಉಪೋದ್ಬಲಕಗಳು ಬೇಕಾದಷ್ಟಿವೆ.

ಮೊದಲನೆಯದು ಎತ್ತು. ಮಾಗಡಿ ರಂಗನಾಥಸ್ವಾಮಿಯ ದನಗಳ ಜಾತ್ರೆಗೆ ಹೋದವರಿಗೆ ಹೆಚ್ಚು ಹೇಳಬೇಕಿಲ್ಲ. ಹಳ್ಳಿಕಾರ್ ಜೋಡಿಯ ಕೊಂಬಿಗೆ ಎಣ್ಣೆ ಸವರಿ, ಕೊರಳಿಗೆ ಗೆಜ್ಜೆ ಕಟ್ಟಿ, ಮೇಲೆ ಶಾಮಿಯಾನ ಹಾಕಿ, ಪಕ್ಕದಲ್ಲಿ ಮಲಗುವ ಯಜಮಾನ ತನ್ನ ಮದುವೆಯ ಚಪ್ಪರಕ್ಕೂ ಅಷ್ಟು ಕಾಳಜಿ ಮಾಡಿರಲಾರ. ಆ ಎತ್ತು ಉಳುವುದೂ ಅಷ್ಟಕ್ಕಷ್ಟೇ, ಉಳುಮೆಗೆ ಟ್ರ್ಯಾಕ್ಟರ್ ಇದೆ. ಅದೇ ಕೊಟ್ಟಿಗೆಯ ಇನ್ನೊಂದು ಮೂಲೆಯಲ್ಲಿ ಸೀಮೆಹಸು ಇರುತ್ತದೆ. ಅದರ ಹುಲ್ಲು, ಸಗಣಿ, ಹಿಂಡಿ, ಬೆಳಗಿನ ಡೈರಿ, ಸಂಜೆಯ ಡೈರಿ ಹೆಂಡತಿಯ ಪಾಲು. ಹಳ್ಳಿಕಾರ್ ತಳಿಗೆ ಅಂಚೆ ಇಲಾಖೆ 2000ದಲ್ಲಿ ಅಂಚೆಚೀಟಿ ತಂದಿತು. ಸೀಮೆಹಸುವಿಗೆ ದಿನಾ ಎರಡು ಹೊತ್ತು ಡೈರಿಚೀಟಿ ಸಿಗುತ್ತದೆ. ಪೂರ್ವಪಕ್ಷಿ ಹೇಳುವುದು ಇದನ್ನೇ: ಅಂಚೆಚೀಟಿಯದು ಹವ್ಯಾಸ, ಡೈರಿಚೀಟಿಯದು ಕೆಲಸ.

ಎರಡನೆಯದು ರಾಜಕೀಯ. ರಾಮನಗರದಿಂದ ಗೆದ್ದವರು ಮುಖ್ಯಮಂತ್ರಿಯಾದದ್ದು ಒಂದು ಸಲವಲ್ಲ. 1952ರಲ್ಲಿ ಕೆಂಗಲ್ ಹನುಮಂತಯ್ಯ, 1994ರಲ್ಲಿ ಎಚ್.ಡಿ. ದೇವೇಗೌಡ, 2006ರಲ್ಲಿ ಎಚ್.ಡಿ. ಕುಮಾರಸ್ವಾಮಿ. ಹೀಗಿರುವಾಗ ಟೀ ಅಂಗಡಿಯಲ್ಲಿ ಕೂತ ಪ್ರತಿಯೊಬ್ಬ ಗಂಡನೂ ಮುಂದಿನ ಸರ್ಕಾರವನ್ನು ತಾನೇ ರಚಿಸುತ್ತಿರುವಂತೆ ಮಾತಾಡಿದರೆ ಬೈಯುವಂತಿಲ್ಲ. ಇದಕ್ಕೊಂದು ಅಪವಾದವುಂಟು. 2018ರಲ್ಲಿ ಕುಮಾರಸ್ವಾಮಿಯವರು ಚನ್ನಪಟ್ಟಣ, ರಾಮನಗರ ಎರಡರಲ್ಲೂ ಗೆದ್ದು ರಾಮನಗರವನ್ನು ಬಿಟ್ಟುಕೊಟ್ಟರು. ಉಪಚುನಾವಣೆಯಲ್ಲಿ ಅಲ್ಲಿಂದ ಅವರ ಪತ್ನಿ ಅನಿತಾ ಕುಮಾರಸ್ವಾಮಿಯವರು ಗೆದ್ದು ಬಂದರು. ಗಂಡ ಹೆಂಡತಿ ಇಬ್ಬರೂ ಒಂದೇ ಸದನದಲ್ಲಿ ಕೂತರು. ದಂಪತಿಗೆ ಒಂದೇ ಆಸಕ್ತಿಯಿದ್ದರೆ ಇಬ್ಬರಿಗೂ ಒಂದೊಂದು ತಾಲ್ಲೂಕು ಬೇಕಾಗುತ್ತದೆ ಎಂದು ಇದರಿಂದ ತಿಳಿಯತಕ್ಕದ್ದು. ನಮ್ಮಂಥವರ ಮನೆಯಲ್ಲಿ ಇರುವುದು ಎರಡು ರೂಮು.

ಮೂರನೆಯದೇ ಮುಖ್ಯವಾದುದು: ನಾಟಕ. ನಮ್ಮ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡದ ಗಂಡಸು ಗಂಡಸೇ ಅಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿಕೊಂಡು ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿಯುತ್ತಾರೆ. ಪಾತ್ರ ಮಾಡಿದವರಿಗೆ ದುಡ್ಡು ಕೊಡುವುದು ಲೋಕರೂಢಿ. ಇಲ್ಲಿ ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ದುರ್ಯೋಧನನಿಗೆ ಒಂದು ರೇಟು, ಕೃಷ್ಣನಿಗೆ ಒಂದು ರೇಟು, ಸೈನಿಕನಿಗೆ ರಿಯಾಯಿತಿ. ಹಿಂದಿನ ಲಕ್ಷಣಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗದು. ಸೀನರಿ ಬಾಡಿಗೆಗೆ ಬರುತ್ತದೆ, ಕಿರೀಟ ಬಾಡಿಗೆಗೆ ಬರುತ್ತದೆ, ದ್ರೌಪದಿಯೂ ಹೊರಗಿನಿಂದಲೇ ಬರುತ್ತಾಳೆ. ವೃತ್ತಿಯ ಕಲಾವಿದೆಯರನ್ನು ಕರೆಸುತ್ತಾರೆ. ಮನೆಯಲ್ಲಿ ಇರುವವಳನ್ನು ‘ನೀನು ದ್ರೌಪದಿ ಮಾಡ್ತೀಯಾ?’ ಎಂದು ಕೇಳಿದ ದುರ್ಯೋಧನ ಕನಕಪುರ ರಸ್ತೆಯ ಉದ್ದಕ್ಕೂ ನನಗೆ ಸಿಗಲಿಲ್ಲ.

ಆಕೆಗೆ ಪುರುಸೊತ್ತು ಇಲ್ಲ, ನಿಜ. ಅಭ್ಯಾಸ ಬಿರುಸಾಗುವ ಹೊತ್ತಿಗೇ ಹುಳುಮನೆಯಲ್ಲಿ ರೇಷ್ಮೆಹುಳು ಪೊರೆ ಕಳಚುವ ನಾಲ್ಕನೇ ಜ್ವರ ಕಳೆದು ಏಳುತ್ತದೆ. ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಅದು ಈ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಅಷ್ಟು ಹುಳು ಒಟ್ಟಿಗೆ ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದ ಹಾಗಿರುತ್ತದೆ. ನಡುರಾತ್ರಿ ಹಿಪ್ಪುನೇರಳೆ ಸೊಪ್ಪು ಹರಡುವ ಹೆಂಡತಿಗೆ ಆ ಮಳೆಯ ನಡುವೆಯೇ ದೇವಸ್ಥಾನದ ಕಡೆಯಿಂದ ಗಂಡನ ಕಂದಪದ್ಯ ಕೇಳಿಸುತ್ತದೆ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಏರುವ ಹೊತ್ತಿಗೆ ಗಂಡನಿಗೆ ಪದ್ಯ ಅರ್ಧ ಬಂದಿರುತ್ತದೆ, ಆಕೆಗೆ ಪೂರ್ತಿ ಬಂದಿರುತ್ತದೆ. ಆದರೆ ಅದನ್ನು ಯಾರೂ ಹವ್ಯಾಸ ಎನ್ನಲಿಲ್ಲ, ‘ಕಿವಿಗೆ ಬಿತ್ತು’ ಎಂದರು.

ಪ್ರಕೃತಿಯೂ ತನ್ನ ಕಡೆಗಿದೆ ಎಂಬುದು ಪೂರ್ವಪಕ್ಷಿಯ ಕಡೆಯ ಬಾಣ. ಗೂಡಿನಿಂದ ಹೊರಬಂದ ಗಂಡು ಚಿಟ್ಟೆ ರೆಕ್ಕೆ ಬಡಿದುಕೊಂಡು ಗಿರಗಿರ ತಿರುಗುತ್ತದೆ. ಹೆಣ್ಣು ಕೂತಲ್ಲೇ ನಾನೂರು ಐನೂರು ಮೊಟ್ಟೆ ಇಟ್ಟು ಮುಗಿಸುತ್ತದೆ. “ನೋಡಿದ್ರಾ, ದೇವ್ರೇ ಮಾಡಿರೋದು ಹಂಗೆ!” ಇದಕ್ಕೆ ಉತ್ತರ ಸುಲಭ. ಆ ಚಿಟ್ಟೆಗಳು ಎರಡೂ ಏನನ್ನೂ ತಿನ್ನುವುದಿಲ್ಲ. ಊಟವಿಲ್ಲದೆ ತಿರುಗುವ ಗಂಡಿನ ನಿದರ್ಶನವನ್ನು ಅರಳಿಕಟ್ಟೆಯವರು ಒಪ್ಪಿಕೊಳ್ಳುವುದಾದರೆ ಮನೆಯಲ್ಲಿ ನಾಳೆಯಿಂದಲೇ ಜಾರಿಗೆ ತರಬಹುದು. ಇನ್ನು ರಾಮನಗರದ ಗೂಡಿನ ಮಾರುಕಟ್ಟೆಯ ಪ್ರಮಾಣ ನೋಡೋಣ. ಹೆಣ್ಣುಗೂಡು ತೂಕದಲ್ಲಿ ಹೆಚ್ಚು. ಗಂಡುಗೂಡು ಹಗುರ, ಆದರೆ ತೂಕಕ್ಕೆ ತಕ್ಕ ನೂಲು ಅದರಲ್ಲಿ ಜಾಸ್ತಿ. ಏಷ್ಯಾಕ್ಕೇ ದೊಡ್ಡದು ಎನ್ನಿಸಿಕೊಂಡ ಆ ಮಾರುಕಟ್ಟೆ ಎರಡನ್ನೂ ಒಂದೇ ಲಾಟಿನಲ್ಲಿ ಸುರಿದು ಹರಾಜು ಹಾಕುತ್ತದೆ.

ಸಿದ್ಧಾಂತ

ಈಗ ಗಂಟು ಬಿಚ್ಚಬಹುದು. ಹೆಂಡತಿಯರಿಗೆ ಹವ್ಯಾಸವುಂಟು. ಆದರೆ ಅದು ಕ್ಲೋಸ್‌ಪೇಟೆಯ ಹಾಗೆ ಇನ್ನೊಂದು ಹೆಸರಿನಲ್ಲಿ ಬದುಕುತ್ತದೆ. ಗಂಡ ‘ಸುಮ್ನೆ ಹೋಗ್ಬರ್ತೀನಿ’ ಎಂದು ಮನೆ ಬಿಡಬಹುದು. ಹೆಂಡತಿ ಸುಮ್ಮನೆ ಎಲ್ಲಿಗೂ ಹೋಗುವ ಹಾಗಿಲ್ಲ. ಹರಕೆ ಇರಬೇಕು, ಸಂಘ ಇರಬೇಕು, ಪೂಜೆ ಇರಬೇಕು, ಹೋಗಲಿ, ಯಾರದಾದರೂ ನಾಮಕರಣವಾದರೂ ಇರಬೇಕು.

ತಿರುಗಾಟವನ್ನೇ ತೆಗೆದುಕೊಳ್ಳಿ. ಈ ವಿಚಾರದಲ್ಲಿ ಶಕ್ತಿ ಎರಡು ವಿಧ, ಭಾಷ್ಯಕಾರರು ಗೊಂದಲ ಮಾಡಿಕೊಳ್ಳಬಾರದು. ಮೊದಲನೆಯದು ಓಂ ಶಕ್ತಿ. ಡಿಸೆಂಬರ್-ಜನವರಿ ಬಂತೆಂದರೆ ಓಣಿಯ ಹೆಂಗಸರೆಲ್ಲ ಕೆಂಪು ಸೀರೆಯುಟ್ಟು, ಮಾಲೆ ಹಾಕಿ, ಇರುಮುಡಿ ಹೊತ್ತು, ಬಸ್ಸು ಮಾಡಿಕೊಂಡು ತಮಿಳುನಾಡಿನ ಮೇಲ್ಮರುವತ್ತೂರಿಗೆ ಹೊರಡುತ್ತಾರೆ. ಭಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬಸ್ಸು ಊರ ಗಡಿ ದಾಟುತ್ತಿದ್ದಂತೆ ಒಳಗಿನಿಂದ ಏಳುವ ನಗೆಯನ್ನು ನಾನು ಕೇಳಿಸಿಕೊಂಡಿದ್ದೇನೆ. ಮನೆಯೊಳಗೆ ಆ ಸ್ಥಾಯಿಯ ನಗೆ ನನಗೆ ಕೇಳಿಸಿದ್ದಿಲ್ಲ. ಎರಡನೆಯದು 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ. ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದೊಳಗೆ ಎಲ್ಲಿಗೆ ಹೋದರೂ ಹೆಂಗಸರಿಗೆ ಸೊನ್ನೆ ಟಿಕೆಟ್. ಆ ದಿನವನ್ನು ದಾಂಪತ್ಯದ ಹೊಸ ಶಕಾರಂಭದ ದಿನವೆಂದು ನಾನು ಪ್ರಸ್ತಾಪಿಸುತ್ತೇನೆ. ಕಾಸು ಹೋಗದಿದ್ದರೆ ಹವ್ಯಾಸವಲ್ಲ ಎಂಬ ನನ್ನ ಲಕ್ಷಣವೇ ಅಂದು ಮುರಿದುಬಿತ್ತು. ಸಿದ್ಧಾಂತ ಕೈಗೆ ಬರುವಷ್ಟರಲ್ಲಿ ಲಕ್ಷಣ ಕೈಬಿಟ್ಟದ್ದು ಶಾಸ್ತ್ರಕಾರನಿಗೆ ಆಗುವ ಸಾಮಾನ್ಯ ನಷ್ಟ.

ಗೊಂಬೆಯೂ ಹೀಗೆಯೇ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಲೇತ್‌ಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಕಾವಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಮೇಲೆ ತಾಳೆಗರಿ ಹಿಡಿದರೆ ಕನ್ನಡಿಯ ಹೊಳಪು. 2005-06ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಐವತ್ತು ವರ್ಷದ ಗಂಡಸು ಇಂಥ ಗೊಂಬೆ ಕೂಡಿಡುತ್ತಾನೆಂದರೆ ಅವನನ್ನು ಸಂಗ್ರಾಹಕ ಎಂದು ಪತ್ರಿಕೆಯವರು ಬಂದು ಮಾತಾಡಿಸುತ್ತಾರೆ. ಅವನ ಹೆಂಡತಿ ಅದೇ ಗೊಂಬೆಗಳನ್ನು ವರ್ಷವೆಲ್ಲ ಹಳೆ ಪಂಚೆಯಲ್ಲಿ ಸುತ್ತಿಟ್ಟು, ದಸರೆಗೆ ಮೆಟ್ಟಿಲು ಕಟ್ಟಿ, ಹಳ್ಳಿ, ಸಂತೆ, ಮದುವೆ ದಿಬ್ಬಣ, ಕ್ರಿಕೆಟ್ ಮ್ಯಾಚು ಎಲ್ಲವನ್ನೂ ಹತ್ತು ದಿನಕ್ಕೆ ಒಂದು ಲೋಕವಾಗಿ ನಿಲ್ಲಿಸಿದರೆ ಅದು ‘ಸಂಪ್ರದಾಯ’. ಗಂಡ ಮಾಡುವುದು ಅಟ್ಟದಿಂದ ಪೆಟ್ಟಿಗೆ ಇಳಿಸಿ ಸೊಂಟ ಹಿಡಿದುಕೊಳ್ಳುವುದು. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು, ರಾಜ ರಾಣಿ. ಅವರನ್ನು ಗಮನವಿಟ್ಟು ನೋಡಿದ್ದೀರಾ? ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿರುತ್ತಾರೆ, ಇಬ್ಬರೂ ನೇರ ಮುಂದಕ್ಕೆ ನೋಡುತ್ತಿರುತ್ತಾರೆ. ರಾಜ ಏನು ನೋಡುತ್ತಿದ್ದಾನೆಂದು ರಾಣಿ ಕೇಳಿದ್ದಿಲ್ಲ, ರಾಣಿ ಏನು ನೋಡುತ್ತಿದ್ದಾಳೆಂದು ರಾಜನಿಗೆ ಹೊಳೆದದ್ದಿಲ್ಲ. ಕೊರಳು ತಿರುಗದ ಹಾಗೆ ಮಾಡಿದ ಬಡಗಿಗೆ ಅನುಭವವಿತ್ತು.

ಬೆಂಗಳೂರಿನಿಂದ ಸಂಜೆ ಮರಳುವ ಮೈಸೂರು ರೈಲಿನಲ್ಲೂ ಇದೇ ನ್ಯಾಯ. ಗಂಡಸರು ಮೊಣಕಾಲುಗಳ ಮೇಲೆ ಟವೆಲ್ ಹಾಸಿ ಎಲೆ ಹಾಕುತ್ತಾರೆ. ಎದುರು ಸೀಟಿನ ಹೆಂಗಸರು ಮಡಿಲಲ್ಲಿ ಅವರೆಕಾಯಿ ಸುಲಿಯುತ್ತ ಬಿಡದಿಯಿಂದ ಚನ್ನಪಟ್ಟಣದ ತನಕ ಜಗತ್ತನ್ನು ವಿಚಾರಣೆ ಮಾಡಿ ತೀರ್ಪು ಕೊಡುತ್ತಾರೆ. ಯಾರಿಗೆ ಹೆಚ್ಚು ಮಜಾ ಬಂತೆಂದು ಮುಖ ನೋಡಿದರೆ ಗೊತ್ತಾಗುತ್ತದೆ. ಆದರೆ ಆ ಕಡೆ ಆಟ, ಈ ಕಡೆ ಸಾರಿಗೆ ತಯಾರಿ.

ಕನಕಪುರದ ಸಂಗಮದಲ್ಲಿ ಇನ್ನೊಂದು ಸಾಕ್ಷಿಯುಂಟು, ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ನಂದಿಬೆಟ್ಟದಿಂದ ಇಷ್ಟು ದೂರ ತನ್ನ ಪಾಡಿಗೆ ತಾನು ಹರಿದು ಬಂದ ಅರ್ಕಾವತಿ ಅಲ್ಲಿ ಕಾವೇರಿಯನ್ನು ಸೇರುತ್ತದೆ. ಆಮೇಲೆ ಅದರ ಹೆಸರು ಯಾರೂ ಎತ್ತುವುದಿಲ್ಲ. ಇಬ್ಬರೂ ಹೆಣ್ಣಾದ್ದರಿಂದ ದೃಷ್ಟಾಂತ ದಾಂಪತ್ಯಕ್ಕೆ ಹೊಂದುವುದಿಲ್ಲ ಎಂದರೆ, ಅತ್ತೆ ಸೊಸೆಗೆ ಹೊಂದುತ್ತದೆ.

ಸಂಗತಿ

ಇಷ್ಟು ಬರೆದು ಮುಗಿಸಿದ ದಿನ ಮನೆಯಾಕೆ ಕೇಳಿದಳು: “ರೀ, ಹದಿನೈದು ದಿನದಿಂದ ಏನದು ಬರೀತಾ ಇರೋದು?”

“ನಿಮ್ಮ ಹವ್ಯಾಸದ ಬಗ್ಗೆ.”

“ನನ್ನ ಹವ್ಯಾಸ ಏನು ಅಂತ ಬರ್ದ್ರಿ?”

ಐದು ಅಂಗಗಳ ಪ್ರಬಂಧದಲ್ಲಿ ಆ ಒಂದು ಸಂಗತಿ ಇರಲಿಲ್ಲ. ಹಾಳೆ ತಿರುವಿ ಹಾಕಿದೆ. ಎತ್ತಿತ್ತು, ಹುಳುವಿತ್ತು, ರಣಹದ್ದಿತ್ತು. ಆಕೆ ಸ್ವಲ್ಪ ಹೊತ್ತು ಕಾದು, “ನಾಳೆ ಐದೂವರೆಗೆ ರೆಡಿಯಾಗಿರಿ” ಎಂದು ಒಳಗೆ ಹೋದಳು.

ಬೆಳಿಗ್ಗೆ ಬ್ಯಾಗು ಹೊತ್ತು ಹಿಂದಿನಿಂದ ಬಸ್ಸು ಹತ್ತಿದೆ. ಬಸ್ಸಿನ ಅರ್ಧಕ್ಕರ್ಧ ಜನ ಆಕೆಗೆ ಪರಿಚಯ. ಕಿಟಕಿ ಪಕ್ಕದ ಜಾಗ ಆಕೆಗೆಂದೇ ಹಿಡಿದಿಟ್ಟಿದ್ದರು. ನನಗೆ ಕಂಬಿ ಸಿಕ್ಕಿತು. ಕಂಡಕ್ಟರು ಆಕೆಗೆ ಸೊನ್ನೆ ಟಿಕೆಟ್ ಕೊಟ್ಟು, “ಆರಾಮಾ ಅಕ್ಕಾ?” ಎಂದು ವಿಚಾರಿಸಿ, ನನ್ನ ಕಡೆ ತಿರುಗಿದರು.

“ನಿಮ್ದೆಲ್ಲಿಗೆ ಸಾರ್?”

ನಾನು ಕೇಳಿಕೊಂಡಿರಲಿಲ್ಲ.